ಹಳೆಯ ತಂಬಾಕು ಪೈಪುಗಳ ಆನ್‌ಲೈನ್ ಹರಾಜು: ಮುದ್ರೆ ಓದುವುದರಿಂದ ಬಿಡ್ ಹಾಕುವವರೆಗೆ

ಹರಾಜಿನ ಪುಟದಲ್ಲಿ ಎರಡು ಪೈಪು ಅಕ್ಕಪಕ್ಕ ಕಾಣುತ್ತಿವೆ ಅಂದುಕೊಳ್ಳಿ. ಒಂದು ಫಳಫಳ ಹೊಳೆಯುತ್ತಿದೆ. ಇನ್ನೊಂದರ ಅಂಚಿಗೆ ಮಸಿ ಮೆತ್ತಿದೆ, ಕಚ್ಚುವ ತುದಿ ಹಸಿರು-ಕಂದು ಬಣ್ಣಕ್ಕೆ ತಿರುಗಿದೆ. ಹೊಸಬರು ಮೊದಲನೆಯದಕ್ಕೆ ಬಿಡ್ ಹಾಕುತ್ತಾರೆ. ಪಳಗಿದವರು ಎರಡನೆಯದರ ಫೋಟೊ ದೊಡ್ಡದು ಮಾಡಿ ನೋಡುತ್ತಾರೆ. ಮಸಿ ಒಂದು ಮಧ್ಯಾಹ್ನದ ಕೆಲಸ, ಹೋಗುತ್ತದೆ. ಆದರೆ ತಯಾರಕರು ಮರದ ಮೇಲೆ ಒತ್ತಿದ ಮುದ್ರೆಯನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಉಜ್ಜಿ ಅಳಿಸಿದ್ದರೆ ಅದನ್ನು ಯಾರೂ ವಾಪಸ್ ತರಲಾರರು. ಈ ಹವ್ಯಾಸದಲ್ಲಿ ದುಡ್ಡೆಲ್ಲ ಇರುವುದು ಆ ಮುದ್ರೆಯಲ್ಲೇ.

ಇಲ್ಲಿ ಹೆಚ್ಚಾಗಿ ಬ್ರಿಟನ್ ಮತ್ತು ಐರ್ಲೆಂಡಿನ ಬ್ರಯರ್ ಎಂಬ ಮರದ ಪೈಪುಗಳ ಬಗ್ಗೆ, ಇಬೇ (eBay) ಜಾಲತಾಣದ ಹರಾಜಿನ ಬಗ್ಗೆ ಹೇಳುತ್ತೇನೆ. ಹಳೆಯ ಪೈಪುಗಳು ಅತಿ ಹೆಚ್ಚು ಕೈ ಬದಲಾಯಿಸುವ ಜಾಗ ಅದು. ಅಂದಹಾಗೆ, ಸಂಗ್ರಹಿಸುವವರೆಲ್ಲ ಸೇದಲೇಬೇಕು ಅಂತೇನಿಲ್ಲ. ತಂಬಾಕು ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಕಪಾಟಿನಲ್ಲಿಟ್ಟು ನೋಡುವುದಕ್ಕೇ ಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಹಂತ 1: ಪೈಪಿನ ಭಾಗಗಳು ಗೊತ್ತಿರಲಿ

ತಂಬಾಕು ತುಂಬುವ ಬಟ್ಟಲು ಬೌಲ್. ಅದರಿಂದ ಮುಂದಕ್ಕೆ ಚಾಚಿದ ಮರದ ಕುತ್ತಿಗೆ ಶ್ಯಾಂಕ್. ಬಾಯಲ್ಲಿಡುವ ಕಪ್ಪು ಭಾಗ ಸ್ಟೆಮ್. ಸ್ಟೆಮ್‌ನ ಮೊಳೆಯಂಥ ತುದಿ ಟೆನನ್, ಅದು ಶ್ಯಾಂಕ್ ಒಳಗಿನ ತೂತಿಗೆ ಹೋಗಿ ಕೂರುತ್ತದೆ. ಇಷ್ಟು ಸಾಕು.

ಬ್ರಯರ್ ಅಂದರೆ ಮೆಡಿಟರೇನಿಯನ್ ಸುತ್ತ ಬೆಳೆಯುವ ಎರಿಕಾ ಅರ್ಬೋರಿಯಾ ಎಂಬ ಪೊದೆಯ ಬುಡದ ಗಂಟು. ಬೇಗ ಸುಡುವುದಿಲ್ಲ, ಒಳ್ಳೆ ಗಟ್ಟಿ. 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಸೇಂಟ್-ಕ್ಲೋಡ್ ಊರಿನವರು ಇದರಲ್ಲಿ ಪೈಪು ಮಾಡಲು ಶುರುಮಾಡಿದರು. ಅದಕ್ಕೂ ಮೊದಲು ಚಾಲ್ತಿಯಲ್ಲಿದ್ದದ್ದು ಜೇಡಿಮಣ್ಣಿನ ಪೈಪು, ಮೀರ್ಶಾಮ್ ಪೈಪು. ಮೀರ್ಶಾಮ್ ಬಿಳಿಯ, ಹಗುರವಾದ ಖನಿಜ. ಟರ್ಕಿಯ ಎಸ್ಕಿಶೆಹಿರ್ ಅದಕ್ಕೆ ಹೆಸರುವಾಸಿ.

ಹಳೆಯ ಪೈಪುಗಳ ಸ್ಟೆಮ್ ಹೆಚ್ಚಾಗಿ ವಲ್ಕನೈಟ್‌ನದು, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು, ತೇವ ತಾಗಿದರೆ ಅದರ ಕಪ್ಪು ಹೋಗಿ ಹಸಿರು-ಕಂದು ಬರುತ್ತದೆ. ಇದನ್ನು ನೋಡಿ ಮೂಗು ಮುರಿಯಬೇಡಿ. ಮೂಲ ಸ್ಟೆಮ್ ಇನ್ನೂ ಇದೆ ಅನ್ನುವುದಕ್ಕೆ ಎಷ್ಟೋ ಸಲ ಅದೇ ಸುಳಿವು.

ಹಂತ 2: ಒಂದು ಗೆರೆ ಹಾಕಿಕೊಳ್ಳಿ

ಸಿಕ್ಕಿದ್ದೆಲ್ಲ ಕೊಂಡರೆ ಕಪಾಟು ತುಂಬುತ್ತದೆ, ಸಂಗ್ರಹ ಆಗುವುದಿಲ್ಲ. ಒಂದು ಕಂಪನಿ, ಒಂದು ಆಕಾರ ಅಥವಾ ಒಂದು ಕಾಲ ಆರಿಸಿಕೊಳ್ಳಿ. ಬರೀ ಪೀಟರ್ಸನ್ ಕಂಪನಿಯ ಪೈಪು ಸಂಗ್ರಹಿಸುವವರಿದ್ದಾರೆ. ಬಿಲಿಯರ್ಡ್ ಎಂಬ ನೆಟ್ಟಗಿನ ಆಕಾರ ಬಿಟ್ಟು ಬೇರೇನೂ ಮುಟ್ಟದವರೂ ಇದ್ದಾರೆ.

ಎಲ್ಲರ ಕಣ್ಣೂ ಲಂಡನ್ನಿನ ಡನ್‌ಹಿಲ್ ಕಂಪನಿಯ ಪೈಪುಗಳ ಮೇಲೆ. ಶುರುವಿಗೆ ಅದು ಬೇಡ ಅಂತಲೇ ನನ್ನ ಸಲಹೆ. ಪೈಪೋಟಿ ಜಾಸ್ತಿ, ನಕಲಿಯೂ ಜಾಸ್ತಿ. ಅದರ ಬದಲು ಪಾರ್ಕರ್ ನೋಡಿ. ಅದು 1922ರಲ್ಲಿ ಡನ್‌ಹಿಲ್ ತಾನೇ ಕಟ್ಟಿದ ಇನ್ನೊಂದು ಕಂಪನಿ. ಅಥವಾ ಜಿಬಿಡಿ ನೋಡಿ. ಪ್ಯಾರಿಸ್ಸಿನಲ್ಲಿ 1850ರಲ್ಲಿ ಶುರುವಾದದ್ದು, ಸ್ಟೆಮ್ ಮೇಲೆ ಪುಟ್ಟ ಹಿತ್ತಾಳೆ ಬಿಲ್ಲೆ ಇರುತ್ತದೆ. ಕೊಮೊಯ್ ಕಂಪನಿಯ ಅಗ್ಗದ ಸಾಲು ಗಿಲ್ಡ್‌ಹಾಲ್ ಕೂಡ ಪರವಾಗಿಲ್ಲ. ಡೆನ್ಮಾರ್ಕಿನ ಸ್ಟಾನ್‌ವೆಲ್, ಅಮೆರಿಕದ ಕೇವುಡಿ ಹರಾಜಿನಲ್ಲಿ ಧಾರಾಳವಾಗಿ ಬರುತ್ತವೆ. ಕಣ್ಣು ಪಳಗಿಸಿಕೊಳ್ಳಲು ಇವು ಒಳ್ಳೆಯವು.

ಹಂತ 3: ಮುದ್ರೆ ಓದಲು ಕಲಿಯಿರಿ

ಸಮಯ ಹಾಕಬೇಕಾದದ್ದು ಇಲ್ಲಿ. ಶ್ಯಾಂಕಿನ ಎರಡು ಬದಿ ಮತ್ತು ಅಡಿಯಲ್ಲಿ ಒತ್ತಿದ ಅಕ್ಷರ, ಅಂಕಿ, ಊರಿನ ಹೆಸರು ಎಲ್ಲ ಸೇರಿದರೆ ಪೈಪಿನ ಜಾತಕ ಸಿಗುತ್ತದೆ.

ಮೊದಲು ಡನ್‌ಹಿಲ್. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ತಂಬಾಕಿನ ಅಂಗಡಿ ತೆರೆದರು. ಸ್ವಂತ ಪೈಪು ತಯಾರಿಕೆ ಬಂದದ್ದು 1910ರ ಹೊತ್ತಿಗೆ. ಸ್ಟೆಮ್ ಮೇಲಿನ ಬಿಳಿ ಚುಕ್ಕೆ ಅಂದಕ್ಕೆ ಇಟ್ಟದ್ದಲ್ಲ. ನೆಟ್ಟಗಿನ ಪೈಪಿನಲ್ಲಿ ಸ್ಟೆಮ್‌ನ ಯಾವ ಬದಿ ಮೇಲಕ್ಕೆ ಬರಬೇಕು ಅಂತ ತಿಳಿಯಲಿ ಎಂದು ಇಟ್ಟದ್ದು. ಮೈ ಒರಟಾಗಿ ಸುಕ್ಕುಗಟ್ಟಿದಂತೆ ಕಾಣುವ ಶೆಲ್ ಪೈಪಿಗೆ, ಅಂದರೆ ಮರಳು ಊದಿ ಕೊರೆದದ್ದಕ್ಕೆ, 1917ರ ಪೇಟೆಂಟ್ ಇದೆ. ಹಳೆಯ ಶೆಲ್‌ಗಳ ಮೇಲೆ 119708/17 ಎಂಬ ಸಂಖ್ಯೆ ಕಂಡರೆ ಅದು ಇದೇ.

ಇಂಗ್ಲೆಂಡ್ ಎಂಬ ಪದದ ಪಕ್ಕದಲ್ಲಿ ಸಣ್ಣ ಅಂಕಿಯೊಂದು ಇರುತ್ತದೆ, ಅದು ವರ್ಷದ ಗುರುತು. 1961ರಿಂದ 20ನೇ ಶತಮಾನದ ಕೊನೆಯವರೆಗಿನ ಪೈಪುಗಳಿಗೆ ಲೆಕ್ಕ ಸುಲಭ, ಆ ಅಂಕಿಯನ್ನು 1960ಕ್ಕೆ ಕೂಡಿಸಿ. 17 ಇದ್ದರೆ 1977. ಆದರೆ ಇಲ್ಲೊಂದು ಬಲೆ ಇದೆ. ಅದಕ್ಕೆ ಹಿಂದಿನ ದಶಕಗಳಲ್ಲೂ ಇಂಥವೇ ಸಣ್ಣ ಅಂಕಿ ಒತ್ತುತ್ತಿದ್ದರು. ಪಕ್ಕದಲ್ಲಿ ಪೇಟೆಂಟ್ ಸಂಖ್ಯೆಯೂ ಇದ್ದರೆ ಪೈಪು 1950ರ ದಶಕದ ನಡುಭಾಗಕ್ಕಿಂತ ಹಿಂದಿನದು, ಆಗ ಈ ಕೂಡಿಸುವ ಲೆಕ್ಕ ನಡೆಯುವುದಿಲ್ಲ. ವೃತ್ತದೊಳಗೆ 1ರಿಂದ 6ರವರೆಗಿನ ಅಂಕಿ ಕಂಡರೆ ಅದು ವರ್ಷ ಅಲ್ಲ, ಪೈಪಿನ ಗಾತ್ರ. ಪಕ್ಕದ ಅಕ್ಷರ ಮೈಯ ಬಗೆ ಹೇಳುತ್ತದೆ: ಎಸ್ ಅಂದರೆ ಶೆಲ್, ಟಿ ಅಂದರೆ ಟ್ಯಾನ್‌ಶೆಲ್, ಆರ್ ಅಂದರೆ ರೂಟ್ ಬ್ರಯರ್, ಎ ಅಂದರೆ ಬ್ರುಯೆರ್.

ಬರೀ ಬಿಳಿ ಚುಕ್ಕೆ ನೋಡಿ ಡನ್‌ಹಿಲ್ ಅಂತ ನಂಬಬೇಡಿ. ಯಾವ ಸ್ಟೆಮ್‌ಗಾದರೂ ಚುಕ್ಕೆ ಇಡಬಹುದು. ಅಸಲಿ ಡನ್‌ಹಿಲ್ ಬೌಲ್‌ಗೆ ಬೇರೆ ಸ್ಟೆಮ್ ಹಾಕಿರುವುದೂ ಉಂಟು.

ಈಗ ಪೀಟರ್ಸನ್. ಡಬ್ಲಿನ್ನಿನ ಈ ಕಂಪನಿಯ ಪೈಪುಗಳಲ್ಲಿ ದೇಶದ ಹೆಸರೇ ಕಾಲ ಹೇಳುತ್ತದೆ. ಐರಿಶ್ ಫ್ರೀ ಸ್ಟೇಟ್ ಅಂತ ಇದ್ದರೆ 1922ರಿಂದ 1937ರೊಳಗಿನದು. ಏರಾ ಎಂಬ ಐರಿಶ್ ಹೆಸರಿದ್ದರೆ ಆಮೇಲಿನ ಕೆಲವು ವರ್ಷದ್ದು. ರಿಪಬ್ಲಿಕ್ ಆಫ್ ಐರ್ಲೆಂಡ್ ಅಂತ ಇದ್ದರೆ 1949ರಿಂದ ಈಚೆಗಿನದು. ಒಂದು ದೇಶದ ರಾಜಕೀಯ ಚರಿತ್ರೆ ಇಷ್ಟು ಸಣ್ಣ ಮರದ ತುಂಡಿನ ಮೇಲೆ ಸಿಗುವುದು ನನಗಂತೂ ಬಹಳ ಇಷ್ಟ. ಬರೀ ಮೇಡ್ ಇನ್ ಐರ್ಲೆಂಡ್ ಅಂತಿದ್ದರೆ ಅವಸರ ಬೇಡ. ಅಕ್ಷರಗಳ ಜೋಡಣೆ, ಸ್ಟೆಮ್ ಆಕಾರ ಎಲ್ಲ ಕೂಡಿಸಿ ನೋಡಬೇಕು.

ಪೀಟರ್ಸನ್‌ನಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ. ಲೋಹದ ಪಟ್ಟಿಯ ಮೇಲೆ ಮೂರೆಲೆ ಸೊಪ್ಪು, ಮಲಗಿದ ನಾಯಿಯಂಥ ಪ್ರಾಣಿ, ಗೋಪುರ ಒತ್ತಿರುತ್ತಾರೆ. ನೋಡಿದರೆ ಬೆಳ್ಳಿಯ ಮುದ್ರೆಯ ಥರವೇ ಕಾಣುತ್ತದೆ. ಅಲ್ಲ, ಅದು ನಿಕ್ಕಲ್ ಪಟ್ಟಿ. ಮಾರುವವರಿಗೇ ಗೊತ್ತಿಲ್ಲದೆ ಬೆಳ್ಳಿ ಅಂತ ಬರೆದಿರುತ್ತಾರೆ.

ನಿಜವಾದ ಬೆಳ್ಳಿ ಪಟ್ಟಿ ಸಿಕ್ಕರೆ ನಿಮ್ಮ ಅದೃಷ್ಟ. ಇಂಗ್ಲಿಷ್ ಬೆಳ್ಳಿಯ ಮೇಲೆ ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಇದ್ದರೆ ಲಂಡನ್, ಖಡ್ಗದ ಜೊತೆ ಮೂರು ಗೋಧಿ ಕಂತೆ ಇದ್ದರೆ ಚೆಸ್ಟರ್. ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುತ್ತಿದ್ದ ಚೆಸ್ಟರ್ ಕಚೇರಿ 1962ರಲ್ಲೇ ಮುಚ್ಚಿತು. ಡಬ್ಲಿನ್ನಿನದಾದರೆ ಕಿರೀಟ ಹೊತ್ತ ಹಾರ್ಪ್ ಎಂಬ ತಂತಿವಾದ್ಯ ಮತ್ತು ಕೂತ ಹೆಂಗಸು. ಜೊತೆಗಿರುವ ಒಂಟಿ ಅಕ್ಷರ ವರ್ಷದ್ದು. ಅದರ ಕೋಷ್ಟಕ ಎಲ್ಲೆಡೆ ಸಿಗುತ್ತದೆ. ಆದರೆ ಅಕ್ಷರ ಮಾತ್ರ ಅಲ್ಲ, ಅದರ ಸುತ್ತಲ ಚೌಕಟ್ಟಿನ ಆಕಾರವೂ ಹೊಂದಬೇಕು. ಯಾಕೆಂದರೆ ಅದೇ ಅಕ್ಷರ ಸುಮಾರು ಪ್ರತಿ ಎರಡು ದಶಕಕ್ಕೊಮ್ಮೆ ಮತ್ತೆ ಬರುತ್ತದೆ.

ಉಳಿದ ಹೆಸರುಗಳನ್ನು ಚುಟುಕಾಗಿ ಹೇಳುತ್ತೇನೆ. ಕೊಮೊಯ್ ಸ್ಟೆಮ್ ಮೇಲಿನ ಸಿ ಅಕ್ಷರ ಹಳೆಯ ಪೈಪುಗಳಲ್ಲಿ ಮೂರು ತುಂಡು ಕೂರಿಸಿ ಮಾಡಿದ್ದು, ಈಚಿನವುಗಳಲ್ಲಿ ಸುಮ್ನೆ ಮೇಲೆ ಅಚ್ಚಾದದ್ದು. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸಾಸಿಯೆನಿಯಲ್ಲಿ ಸ್ಟೆಮ್ ಮೇಲಿನ ತಿಳಿನೀಲಿ ಚುಕ್ಕೆಗಳನ್ನು ಎಣಿಸಿ, ನಾಲ್ಕು ಚುಕ್ಕೆಯದು ಮೇಲಿನ ದರ್ಜೆ. ಬಾರ್ಲಿಂಗ್‌ನಲ್ಲಿ 1962ಕ್ಕೆ ಮೊದಲಿನದಕ್ಕೂ ನಂತರದ್ದಕ್ಕೂ ಬೆಲೆಯಲ್ಲಿ ಭಾರಿ ಅಂತರ. ಮೊದಲಿನವು ಮನೆತನದ ಕೈಯಲ್ಲಿದ್ದಾಗಿನವು, ಆಮೇಲಿನವಕ್ಕೆ ನಾಲ್ಕಂಕಿಯ ಆಕಾರ ಸಂಖ್ಯೆ ಬಂತು.

ಹಂತ 4: ಫೋಟೊವನ್ನು ಕ್ರಮವಾಗಿ ನೋಡಿ

ಮೊದಲು ಮುದ್ರೆ. ಅಂಚುಗಳು ಚೂಪಾಗಿವೆಯಾ? ಅರ್ಧ ಮಾಸಿದ ಅಕ್ಷರ, ಶ್ಯಾಂಕಿನ ಮೂಲೆಗಳು ದುಂಡಗಾಗಿರುವುದು, ಅತಿಯಾದ ಹೊಳಪು ಮೂರೂ ಸೇರಿದರೆ ಯಾರೋ ಚಕ್ರಕ್ಕೆ ಹಿಡಿದಿದ್ದಾರೆ ಅಂತ ಅರ್ಥ. ನಾನಾದರೆ ಅದನ್ನು ಬಿಟ್ಟು ಬೇರೆ ಪೈಪು ನೋಡುತ್ತೇನೆ.

ಆಮೇಲೆ ಬೌಲ್‌ನ ಬಾಯಿ, ಮೇಲಿನಿಂದ. ಬಾಯಿ ದುಂಡಗಿದೆಯಾ, ಒಂದು ಕಡೆ ಸುಟ್ಟು ಇಳಿದಿದೆಯಾ ನೋಡಿ. ಒಳಗೆ ಕಟ್ಟಿದ ಕರಿ ಪದರ ದಪ್ಪಗಿದ್ದರೆ ಗಾಬರಿ ಬೇಡ. ಆದರೆ ಆ ಪದರ ತುಂಬಾ ದಪ್ಪವಾಗಿ ಬೆಳೆದರೆ ಬಿಸಿಗೆ ಹಿಗ್ಗಿ ಮರವನ್ನೇ ಬಿರಿಯಿಸಬಹುದು. ಹಾಗಾಗಿ ಅಂಚಿನಿಂದ ಹೊರಮೈಗೆ ಇಳಿಯುವ ಕೂದಲೆಳೆ ಬಿರುಕು ಹುಡುಕಿ. ಹೊರಮೈಯ ಒಂದು ಕಡೆ ಮಾತ್ರ ಕಪ್ಪು ಕಲೆ ಇದ್ದರೆ ಒಳಗಿನಿಂದ ಸುಡುತ್ತಾ ಬಂದಿದೆ. ಅಂಥದ್ದು ಬೇಡವೇ ಬೇಡ.

ಮೂರನೆಯದು ಶ್ಯಾಂಕಿನ ಪಟ್ಟಿ. ಇಲ್ಲಿ ನಿಧಾನವಾಗಿ ನೋಡಿ. ಶ್ಯಾಂಕ್ ಬಿರಿದಾಗ ಅದನ್ನು ಹಿಡಿದಿಡಲು ಆಮೇಲೆ ಲೋಹದ ಪಟ್ಟಿ ಹಾಕುತ್ತಾರೆ. ಮಾರುವವರು ಅದನ್ನು ಅಲಂಕಾರ ಅಂತ ಬರೆಯುತ್ತಾರೆ. ಪಟ್ಟಿಯ ಅಂಚು ಮುದ್ರೆಯ ಅಕ್ಷರವನ್ನು ಮುಚ್ಚಿದೆಯಾ ನೋಡಿ. ಕಾರ್ಖಾನೆಯವರು ತಮ್ಮ ಹೆಸರಿನ ಮೇಲೇ ಪಟ್ಟಿ ಕೂರಿಸುವುದಿಲ್ಲ, ಅಲ್ವಾ? ಮುಚ್ಚಿದ್ದರೆ ಅದು ರಿಪೇರಿ.

ಕೊನೆಗೆ ಸ್ಟೆಮ್. ಶ್ಯಾಂಕಿಗೆ ಸಂದಿಲ್ಲದೆ ಕೂತಿದೆಯಾ, ಅಗಲ ಸಮ ಇದೆಯಾ, ಲಾಂಛನ ಇದೆಯಾ, ಅದೇ ಮಾದರಿಯ ಬೇರೆ ಪೈಪುಗಳ ಹಾಗೆ ಉದ್ದ ಇದೆಯಾ. ಹಲ್ಲಿನ ಸಣ್ಣ ಗುರುತು ತೆಗೆಯಬಹುದು. ಕಚ್ಚಿ ಕಚ್ಚಿ ತೂತಾಗಿದ್ದರೆ ರಿಪೇರಿಗೆ ಖರ್ಚಿದೆ. ಬದಲಿ ಸ್ಟೆಮ್ ಇದ್ದರೆ ಸಂಗ್ರಹಕಾರರ ಕಣ್ಣಲ್ಲಿ ಬೆಲೆ ಬಿದ್ದಂತೆಯೇ.

ಮೈ ಮೇಲೆ ನಸುಗೆಂಪು ಚುಕ್ಕೆಗಳಿದ್ದರೆ ಅದು ಮರದ ಕುಳಿಗೆ ತುಂಬಿದ ಲಪ್ಪ. ಸಾಧಾರಣ ಪೈಪಿನಲ್ಲಿ ಇರಲಿ ಬಿಡಿ. ದುಬಾರಿ ದರ್ಜೆ ಅಂತ ಹೇಳಿಕೊಳ್ಳುವ ಪೈಪಿನಲ್ಲಿ ಕಂಡರೆ ಅನುಮಾನ ಪಡಿ.

ಹಂತ 5: ಮಾರುವವರನ್ನು ಕೇಳಿ

ಮೂರು ಫೋಟೊ ಕೇಳಿ: ಓರೆ ಬೆಳಕಿನಲ್ಲಿ ತೆಗೆದ ಮುದ್ರೆ, ಸ್ಟೆಮ್ ಬಿಚ್ಚಿ ತೆಗೆದ ಶ್ಯಾಂಕಿನ ಬಾಯಿ, ಮೇಲಿನಿಂದ ಬೌಲ್. ಬಿರುಕು ಇದೆಯಾ ಅಂತ ಸಂದೇಶದಲ್ಲೇ ನೇರವಾಗಿ ಕೇಳಿ. ಆ ಉತ್ತರ ಆಮೇಲೆ ದಾಖಲೆ ಆಗುತ್ತದೆ. ‘ನನಗೆ ಪೈಪು ಗೊತ್ತಿಲ್ಲ, ತಾತನ ಮನೆ ಖಾಲಿ ಮಾಡುತ್ತಿದ್ದೇವೆ’ ಅನ್ನುವವರು ಸಾಮಾನ್ಯವಾಗಿ ಒಳ್ಳೆಯವರೇ. ಗೊತ್ತಿದ್ದೂ ಮಸುಕು ಫೋಟೊ ಹಾಕುವ ವ್ಯಾಪಾರಿ ಬೇರೆ. ಅವರ ಬಳಿ ಮಾರಾಟಕ್ಕಿರುವ ಬೇರೆ ಸಾಮಾನು ನೋಡಿದರೆ ಯಾರು ಯಾರು ಅಂತ ತಿಳಿಯುತ್ತದೆ.

ಹಂತ 6: ಹುಡುಕಿ, ಬೆಲೆ ಕಟ್ಟಿ

ಹೆಸರು ತಪ್ಪಾಗಿ ಬರೆದ ಪುಟಗಳಲ್ಲಿ ಪೈಪೋಟಿ ಕಡಿಮೆ. ಡನ್‌ಹಿಲ್ ಹೆಸರಲ್ಲಿ ಒಂದು ಎಲ್ ಬಿಟ್ಟವರು, ಪೀಟರ್ಸನ್ ಹೆಸರಲ್ಲಿ ಓ ಬದಲು ಇ ಹಾಕಿದವರು ಇರುತ್ತಾರೆ. ಹಾಗೂ ಹುಡುಕಿ. ಹತ್ತು-ಹನ್ನೆರಡು ಪೈಪು ಒಟ್ಟಿಗೆ ಹಾಕಿದ ರಾಶಿಗಳ ಫೋಟೊವನ್ನೂ ದೊಡ್ಡದು ಮಾಡಿ ನೋಡಿ. ಮೂಲೆಯಲ್ಲಿ ಬಿದ್ದಿರುವ ಒಂದು ಪೈಪು ಇಡೀ ರಾಶಿಗೆ ಸಾಕಾಗಬಹುದು.

ಬೆಲೆ ತಿಳಿಯಲು ಈಗ ಮಾರಾಟಕ್ಕಿರುವ ಪುಟ ನೋಡಬೇಡಿ. ಅಲ್ಲಿರುವುದು ಮಾರುವವರ ಆಸೆ. ಮಾರಾಟವಾದ ವಸ್ತುಗಳು ಎಂಬ ಸೋಸುವ ಆಯ್ಕೆ ಇದೆ, ಅದನ್ನು ಒತ್ತಿ. ಅದೇ ಕಂಪನಿ, ಅದೇ ಕಾಲ, ಅದೇ ಸ್ಥಿತಿಯ ನಾಲ್ಕೈದು ಪೈಪು ಎಷ್ಟಕ್ಕೆ ಹೋದವು ಅಂತ ಬರೆದಿಟ್ಟುಕೊಳ್ಳಿ.

ಈಗ ಲೆಕ್ಕ. ಸುಮ್ನೆ ಉದಾಹರಣೆಗೆ, ಅಂಥ ಪೈಪು ನಿಮ್ಮ ಕೈ ಸೇರುವ ಹೊತ್ತಿಗೆ 150 ಡಾಲರ್ ದಾಟಬಾರದು ಅಂದುಕೊಳ್ಳಿ. ಅಂಚೆಗೆ 28, ಕಸ್ಟಮ್ಸ್ ಮತ್ತು ಕಾರ್ಡ್ ಶುಲ್ಕಕ್ಕೆ 35, ಶುಚಿ ಮಾಡುವ ಸಾಮಾನಿಗೆ 10. ಎಲ್ಲ ಕಳೆದರೆ ಉಳಿಯುವುದು 77. ನಿಮ್ಮ ಗರಿಷ್ಠ ಬಿಡ್ ಅಷ್ಟೇ. ಬ್ರಿಟನ್ನಿನ ಹರಾಜು ಮನೆಗಳ ಮೂಲಕ ಕೊಳ್ಳುವುದಾದರೆ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರ ಪ್ರೀಮಿಯಂ ಬೇರೆ ಕೊಡಬೇಕು. ಅದು ಕಾಲು ಭಾಗದಷ್ಟು ಇರುವುದೂ ಉಂಟು. ನಿಯಮ ಓದದೆ ಹೆಸರು ನೋಂದಾಯಿಸಬೇಡಿ.

ಹಂತ 7: ಬಿಡ್ ಹಾಕಿ

ಇಬೇಯಲ್ಲಿ ನೀವು ಹಾಕುವುದು ಗರಿಷ್ಠ ಮೊತ್ತ. ಅದನ್ನು ಗುಟ್ಟಾಗಿಟ್ಟುಕೊಂಡು, ಬೇಕಾದಷ್ಟು ಮಾತ್ರ ನಿಮ್ಮ ಪರವಾಗಿ ಏರಿಸುತ್ತದೆ. ನೀವು 127 ಡಾಲರ್ ಹಾಕಿದ್ದೀರಿ, ಇನ್ನೊಬ್ಬರ ಗರಿಷ್ಠ 95. ಬೆಲೆ ನಿಲ್ಲುವುದು 96ರಲ್ಲಿ, ಯಾಕೆಂದರೆ 25ರಿಂದ 100 ಡಾಲರ್ ಒಳಗೆ ಏರಿಕೆ ಒಂದೊಂದು ಡಾಲರ್. 100 ದಾಟಿದರೆ ಎರಡೂವರೆ. ಇಬ್ಬರೂ ಒಂದೇ ಮೊತ್ತ ಹಾಕಿದರೆ ಮೊದಲು ಹಾಕಿದವರದ್ದು ಗೆಲ್ಲುತ್ತದೆ. ಅದಕ್ಕೇ 75, 100 ಅಂತ ದುಂಡು ಮೊತ್ತ ಬೇಡ, 76.36 ಥರ ಹಾಕಿ. ಎಲ್ಲರೂ ದುಂಡು ಮೊತ್ತದಲ್ಲೇ ಯೋಚಿಸುತ್ತಾರೆ.

ಯಾವಾಗ ಹಾಕಬೇಕು? ಕೊನೆಯ ಹತ್ತು ಸೆಕೆಂಡಿನೊಳಗೆ. ಇಬೇ ಹರಾಜು ಹೇಳಿದ ಸಮಯಕ್ಕೆ ಮುಗಿಯುತ್ತದೆ, ವಿಸ್ತರಣೆ ಇಲ್ಲ. ಮೂರು ದಿನ ಮೊದಲೇ ಹಾಕಿದರೆ ಎದುರಾಳಿಗೆ ಯೋಚಿಸಲು ಸಮಯ ಕೊಟ್ಟಂತೆ. ಅಲ್ಲಿಯವರೆಗೆ ವಾಚ್ ಪಟ್ಟಿಯಲ್ಲಿಟ್ಟು ಸುಮ್ಮನಿರಿ. ಕ್ಯಾಟವಿಕಿಯಂಥ ಬೇರೆ ಹರಾಜು ಜಾಲತಾಣಗಳಲ್ಲಿ ಈ ಉಪಾಯ ನಡೆಯುವುದಿಲ್ಲ, ಕೊನೆಗಳಿಗೆಯಲ್ಲಿ ಬಿಡ್ ಬಂದರೆ ಸಮಯ ಮುಂದೂಡುತ್ತಾರೆ.

ಅಮೆರಿಕದ ಎಷ್ಟೋ ಹರಾಜು ಅಲ್ಲಿನ ಭಾನುವಾರ ಸಂಜೆ ಮುಗಿಯುತ್ತವೆ. ನ್ಯೂಯಾರ್ಕಿನ ರಾತ್ರಿ 9 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸೋಮವಾರ ಬೆಳಿಗ್ಗೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕಾಫಿ ಕುಡಿಯುತ್ತಾ ಹಾಕಬಹುದು.

ಬಿಡ್ ಇತಿಹಾಸವನ್ನೂ ತೆರೆದು ನೋಡಿ. ಒಂದೇ ಖಾತೆ ಮತ್ತೆ ಮತ್ತೆ ಅದೇ ವ್ಯಾಪಾರಿಯ ಸಾಮಾನಿಗೆ ಬಿಡ್ ಹಾಕುತ್ತಾ, ಗೆಲ್ಲದೆ ಬೆಲೆ ಮಾತ್ರ ಏರಿಸುತ್ತಿದ್ದರೆ ಅದು ಅವರದೇ ಜನ ಇರಬಹುದು. ಅಂಥ ಕಡೆಯಿಂದ ಎದ್ದು ಬನ್ನಿ. ಇನ್ನು ‘ಇನ್ನೊಂದೈದು ಡಾಲರ್ ಅಷ್ಟೇ’ ಅಂತ ಅನ್ನಿಸುವ ಆ ಕ್ಷಣಕ್ಕೆ ಮದ್ದು ಹಂತ 6ರ ಲೆಕ್ಕ. ಅದನ್ನು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ.

ಹಂತ 8: ಊರಿಗೆ ತರಿಸುವಾಗ

ಭಾರತಕ್ಕೆ ಕಳಿಸುತ್ತಾರಾ ಅಂತ ಬಿಡ್‌ಗೆ ಮೊದಲೇ ಖಚಿತ ಮಾಡಿಕೊಳ್ಳಿ. ಸ್ಟೆಮ್ ಬಿಚ್ಚಿ ಬೇರೆಯಾಗಿ ಸುತ್ತಿ ಪ್ಯಾಕ್ ಮಾಡಲು ಹೇಳಿ, ಜೋಡಿಸಿಯೇ ಕಳಿಸಿದರೆ ಟೆನನ್ ಮುರಿಯುವ ಸಾಧ್ಯತೆ ಜಾಸ್ತಿ. ಸುಂಕಕ್ಕೆ ಸಿದ್ಧರಾಗಿರಿ. ಬೆಲೆ ಕಡಿಮೆ ತೋರಿಸಿ ಅಂತ ಕೇಳಬೇಡಿ. ಸಾಮಾನು ಕಳೆದರೆ ವಿಮೆಯೂ ಅಷ್ಟಕ್ಕೇ ಸಿಗುತ್ತದೆ, ಕಾನೂನಿನ ತೊಂದರೆ ಬೇರೆ.

ದಂತ ಅಥವಾ ಆಮೆಚಿಪ್ಪಿನ ತುಂಡಿರುವ ಹಳೆಯ ಪೈಪು, ಪೆಟ್ಟಿಗೆಗಳಿಗೆ ಕೈ ಹಾಕಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದ ಎರಡೂ ಅಡ್ಡ ಬರುತ್ತವೆ. ಮೀರ್ಶಾಮ್ ಪೈಪುಗಳ ಹಳದಿ ಸ್ಟೆಮ್ ಹೆಚ್ಚಾಗಿ ಅಂಬರ್, ಅದಕ್ಕೆ ಈ ಭಯ ಇಲ್ಲ. ಆದರೆ ಗಾಜಿನಷ್ಟೇ ಸುಲಭವಾಗಿ ಒಡೆಯುತ್ತದೆ.

ಇದೇ ದಾರಿ ಉಲ್ಟಾ ಕೂಡ ಇದೆ. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳಲ್ಲೋ ಕೆಜಿಎಫ್‌ನ ಹಳೆ ಮನೆಗಳಲ್ಲೋ ಬ್ರಿಟಿಷರ ಕಾಲದ ಪೈಪು ಸಿಕ್ಕಿತು ಅಂದುಕೊಳ್ಳಿ. ಅದನ್ನು ಹೊರದೇಶಕ್ಕೆ ಮಾರುವ ಮೊದಲು ವಯಸ್ಸು ನೋಡಿ. ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ರಫ್ತು ಮಾಡುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆಯ ತಡೆ ಇದೆ.

ಹಂತ 9: ಪೈಪು ಕೈಗೆ ಬಂದ ಮೇಲೆ

ಪೆಟ್ಟಿಗೆ ಬಿಚ್ಚುವಾಗಲೇ ವಿಡಿಯೊ ತೆಗೆಯಿರಿ. ಬಿರುಕು ಕಂಡರೆ ಶುಚಿ ಮಾಡುವ ಮೊದಲೇ ದೂರು ಕೊಡಿ. ಒಮ್ಮೆ ಉಜ್ಜಿದ ಮೇಲೆ ವಾದಕ್ಕೆ ಬಲ ಇರುವುದಿಲ್ಲ.

ಸ್ಟೆಮ್ ಅಂಟಿಕೊಂಡಿದ್ದರೆ ತಿರುಚಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟು, ಆಮೇಲೆ ಮೆಲ್ಲಗೆ ತಿರುಗಿಸಿ. ಬೌಲ್ ಒಳಗಿನ ಕರಿ ಪದರವನ್ನು ಸುಮಾರು ಒಂದು ಮಿಲಿಮೀಟರ್ ಉಳಿಯುವಂತೆ ಕೆರೆಯಿರಿ. ಗಾಳಿ ಹೋಗುವ ದಾರಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಪೈಪ್ ಕ್ಲೀನರಿನಿಂದ, ಅದು ಬೆಳ್ಳಗೆ ಹೊರಬರುವವರೆಗೆ ತಿಕ್ಕಿ. ಮೀರ್ಶಾಮ್‌ಗೆ ಆಲ್ಕೊಹಾಲ್ ಸುರಿಯಬೇಡಿ, ಅದು ಹೀರಿಕೊಳ್ಳುವ ಗುಣದ್ದು. ಸ್ಟೆಮ್‌ನ ಹಸಿರನ್ನು ನೀರಿನಲ್ಲಿ ಅದ್ದಿದ ನಯವಾದ ಮರಳು ಕಾಗದದಿಂದ ತೆಗೆಯಿರಿ. ಲಾಂಛನದ ಸುತ್ತ ಮಾತ್ರ ಕೈ ತಡೆಯಿರಿ. ಶ್ಯಾಂಕಿನ ಮುದ್ರೆಯ ಹತ್ತಿರ ಬರೀ ಒದ್ದೆ ಬಟ್ಟೆ, ಆಮೇಲೆ ತೆಳ್ಳಗೆ ಕಾರ್ನೂಬಾ ಮೇಣ, ಅದೂ ಕೈಯಲ್ಲಿ.

ಯಾರೂ ಸೇದದ ಹಳೆಯ ಪೈಪು ಸಿಕ್ಕಿದರೆ ಹಾಗೇ ಇಡಿ. ಒಂದು ಸಲ ಹೊತ್ತಿಸಿದರೂ ಸಂಗ್ರಹದ ಬೆಲೆ ಇಳಿಯುತ್ತದೆ.

ಇಡುವ ಜಾಗ ಬಿಸಿಲು ಬೀಳದ್ದಾಗಿರಲಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಚರ್ಮದ ಪೆಟ್ಟಿಗೆಗಳಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಬೂಷ್ಟು ಬೇಗ ಹಿಡಿಯುತ್ತದೆ. ಪ್ರತಿ ಪೈಪಿಗೂ ಒಂದು ಚೀಟಿ ಮಾಡಿ: ಎಲ್ಲಿ ಕೊಂಡದ್ದು, ಎಷ್ಟಕ್ಕೆ, ಯಾವ ವರ್ಷದ್ದೆಂದು ಹೇಗೆ ತೀರ್ಮಾನಿಸಿದಿರಿ. ಮುದ್ರೆಯ ಒಂದು ಸ್ಪಷ್ಟ ಫೋಟೊ ಜೊತೆಗಿರಲಿ. ಮುಂದೆ ನೀವೇ ಮಾರಲು ಕೂತಾಗ ಹಂತ 5ರ ಪ್ರಶ್ನೆಗಳನ್ನು ನಿಮ್ಮನ್ನೂ ಯಾರಾದರೂ ಕೇಳಿಯೇ ಕೇಳುತ್ತಾರೆ.